ಡಿಸ್ಲೆಕ್ಸಿಯಾ ಇರುವ ಮಗುವನ್ನು ಗುರುತಿಸುವುದು, ಓದು ಕಲಿಸುವುದು: ಸರ್ಕಾರಿ ಕನ್ನಡ ಶಾಲೆಯ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಈ ಬರಹ ಒಂದರಿಂದ ಐದನೇ ತರಗತಿಯವರೆಗೆ ಕಲಿಸುವ ಕನ್ನಡ ಶಾಲೆಯ ಶಿಕ್ಷಕರಿಗೆ. ಅದರಲ್ಲೂ ಒಂದೇ ಕೋಣೆಯಲ್ಲಿ ಎರಡು-ಮೂರು ತರಗತಿ ನಡೆಸುವವರಿಗೆ. ಬಿಸಿಯೂಟದ ಲೆಕ್ಕ ಬರೆಯಬೇಕು, ಆನ್‌ಲೈನ್ ಮಾಹಿತಿ ತುಂಬಬೇಕು, ಇದರ ಮಧ್ಯೆ ಪಾಠವನ್ನೂ ಮುಗಿಸಬೇಕು. ಶಾಲೆಗೆ ಮನಃಶಾಸ್ತ್ರಜ್ಞರು ಬರುವುದಿಲ್ಲ. ವಿಶೇಷ ಶಿಕ್ಷಕರು ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ಆದರೂ ಓದಲು ಒದ್ದಾಡುವ ಮಗುವಿಗೆ ಇಲ್ಲೇ ನಿಜವಾದ ಸಹಾಯ ಸಿಗಬಹುದು. ಅದಕ್ಕೆ ಬೇಕಾಗಿರುವುದು ರಟ್ಟಿನ ಚೂರುಗಳು, ಒಂದು ಸ್ಲೇಟು, ಒಂದು ನೋಟ್‌ಬುಕ್ಕು, ದಿನಕ್ಕೆ 20 ನಿಮಿಷ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಡಿಸ್ಲೆಕ್ಸಿಯಾ (ಹುಟ್ಟಿನಿಂದ ಬರುವ ಓದಿನ ತೊಂದರೆ) ಇದೆ ಎಂಬ ಸರ್ಟಿಫಿಕೇಟಿಗೆ ಕಾಯಬೇಡಿ. ಕಲಿಸುವುದನ್ನು ಈ ವಾರವೇ ಶುರು ಮಾಡಿ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಡಿಸ್ಲೆಕ್ಸಿಯಾ ಇರುವುದೇ ಇಲ್ಲ. ಯಾರೋ ಕೂತು ಕ್ರಮವಾಗಿ ಕಲಿಸಿದರೆ ಕೆಲವು ತಿಂಗಳಲ್ಲಿ ಅವರು ಎದ್ದು ಬರುತ್ತಾರೆ. ಅಷ್ಟೇ ಕ್ರಮವಾಗಿ, ಅಷ್ಟೇ ತಾಳ್ಮೆಯಿಂದ ಕಲಿಸಿದರೂ ಯಾರ ಓದು ಕದಲುವುದಿಲ್ಲವೋ ಆ ಮಗುವಿನ ಮೇಲೆ ನಿಮ್ಮ ಗಮನ ನಿಲ್ಲಬೇಕು. ಅಂದರೆ ಸಹಾಯ ಮಾಡುತ್ತಾ ಮಾಡುತ್ತಾ ಗುರುತಿಸುವುದು. ಗುರುತಿಸಿದ ಮೇಲೆ ಸಹಾಯ ಮಾಡೋಣ ಅಂತ ಕೂತರೆ ಎರಡು ವರ್ಷ ಸುಮ್ನೆ ಹೋಗಿಬಿಡುತ್ತದೆ.

ಡಿಸ್ಲೆಕ್ಸಿಯಾ ಅಂದರೆ

ಮಾತಿನಲ್ಲಿರುವ ಸದ್ದುಗಳನ್ನು ಬಿಡಿಸಿ, ಅವನ್ನು ಬರಹದ ಗುರುತುಗಳಿಗೆ ಜೋಡಿಸುವ ಕೆಲಸ ಈ ಮಕ್ಕಳ ಮಿದುಳಿಗೆ ಕಷ್ಟ. ಹುಟ್ಟಿನಿಂದಲೇ ಬರುತ್ತದೆ. ಮನೆತನದಲ್ಲಿ ಹರಿದು ಬರುವುದು ಹೆಚ್ಚು. ಬುದ್ಧಿಶಕ್ತಿಗೂ ಇದಕ್ಕೂ ಸಂಬಂಧವಿಲ್ಲ. 100 ಮಕ್ಕಳಲ್ಲಿ 5ರಿಂದ 10 ಮಕ್ಕಳಿಗೆ ಇರಬಹುದು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. 30 ಮಕ್ಕಳ ತರಗತಿಯಲ್ಲಿ ಇಬ್ಬರೋ ಮೂವರೋ ಇದ್ದಾರು.

ಇದು ಕಣ್ಣಿನ ದೋಷವಲ್ಲ. ಬಣ್ಣದ ಕನ್ನಡಕ ಹಾಕಿದರೆ ಹೋಗುವುದಿಲ್ಲ. ಟಾನಿಕ್ಕು, ಜ್ಞಾಪಕಶಕ್ತಿಯ ಪುಡಿ, ಮಿದುಳಿನ ವ್ಯಾಯಾಮದ ಕೋರ್ಸು ಇವುಗಳಿಂದಲೂ ಹೋಗುವುದಿಲ್ಲ. ಬಡವರ ಮನೆಯ ದುಡ್ಡು ಇಂಥದ್ದಕ್ಕೆ ಖರ್ಚಾಗುವುದನ್ನು ನೋಡಿದರೆ ಸಂಕಟವಾಗುತ್ತದೆ. ದಯವಿಟ್ಟು ಪೋಷಕರಿಗೆ ಮೊದಲೇ ಎಚ್ಚರಿಕೆ ಹೇಳಿ.

ಇನ್ನೊಂದು ತಪ್ಪು ತಿಳಿವಳಿಕೆ, ಅಕ್ಷರ ತಿರುಗಿಸಿ ಬರೆದರೆ ಡಿಸ್ಲೆಕ್ಸಿಯಾ ಅನ್ನುವುದು. ಆರೇಳು ವರ್ಷದವರೆಗೆ ಎಷ್ಟೋ ಮಕ್ಕಳು ಹಾಗೆ ಬರೆಯುತ್ತಾರೆ, ತಾವಾಗಿಯೇ ಬಿಡುತ್ತಾರೆ.

ಕನ್ನಡ ಓದುವ ಮಗುವಿನಲ್ಲಿ ಅದು ಹೇಗೆ ಕಾಣುತ್ತದೆ

ಡಿಸ್ಲೆಕ್ಸಿಯಾ ಬಗ್ಗೆ ಸಿಗುವ ಹೆಚ್ಚಿನ ಮಾಹಿತಿ ಇಂಗ್ಲಿಷ್ ಓದುವ ಮಕ್ಕಳದ್ದು. ಇಂಗ್ಲಿಷಿನ ಬಿ-ಡಿ ಗೊಂದಲವನ್ನು ನಮ್ಮ ಮಕ್ಕಳಲ್ಲಿ ಹುಡುಕುತ್ತಾ ಕೂತರೆ ಏನೂ ಸಿಗುವುದಿಲ್ಲ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಹಾಗಾಗಿ ಡಿಸ್ಲೆಕ್ಸಿಯಾ ಇರುವ ಮಗುವೂ ನಾಲ್ಕನೇ ತರಗತಿ ಹೊತ್ತಿಗೆ ಹೇಗೋ ತಪ್ಪಿಲ್ಲದೆ ಓದಲು ಕಲಿಯಬಹುದು. ಆದರೆ ತುಂಬಾ ನಿಧಾನ. ‘ಹೊ… ಲ… ದ… ಲ್ಲಿ’ ಅಂತ ಒಂದೊಂದೇ ಅಕ್ಷರ ಹೆಕ್ಕುತ್ತದೆ. ಸಾಲು ಮುಗಿಯುವ ಹೊತ್ತಿಗೆ ಶುರುವಿನಲ್ಲಿ ಓದಿದ್ದು ಮರೆತಿರುತ್ತದೆ. ‘ಓದಕ್ಕೆ ಬರುತ್ತೆ ಬಿಡಿ, ಸ್ವಲ್ಪ ನಿಧಾನ’ ಅಂತ ನಾವು ಮುಂದೆ ಹೋಗಿಬಿಡುತ್ತೇವೆ. ಆ ನಿಧಾನವೇ ಲಕ್ಷಣ.

ನಮ್ಮ ಲಿಪಿಯಲ್ಲಿ ಕಲಿಯುವ ಹೊರೆಯೂ ದೊಡ್ಡದು. 34 ವ್ಯಂಜನಗಳಿಗೆ ಗುಣಿತ ಸೇರಿಸಿದರೆ 400 ದಾಟುತ್ತದೆ. ಅದರ ಮೇಲೆ ಒತ್ತಕ್ಷರಗಳು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನ ಇದನ್ನೇ ಹೇಳುತ್ತದೆ. ಅಕ್ಷರಗಳನ್ನೆಲ್ಲ ಹಿಡಿತಕ್ಕೆ ತಂದುಕೊಳ್ಳುವ ಕೆಲಸ ನಮ್ಮ ಮಕ್ಕಳಲ್ಲಿ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಹಾಗಾಗಿ ಒಂದನೇ ತರಗತಿಯ ಮಗುವಿಗೆ ಒತ್ತಕ್ಷರ ಬರಲಿಲ್ಲ ಅಂತ ಗಾಬರಿ ಬೇಡ.

ಈಗ ಮೂರನೇ ತರಗತಿಯ ಎರಡು ಉಕ್ತಲೇಖನ ನೋಡಿ. ಶಿಕ್ಷಕರು ಹೇಳಿದ್ದು ‘ಅಜ್ಜಿ ಸಂತೆಯಿಂದ ಬೆಲ್ಲ ತಂದಳು.’ ಒಂದು ಮಗು ಬರೆದದ್ದು ‘ಅಜಿ ಸತೆಯಿದ ಬೆಲ ತದಳು.’ ಇನ್ನೊಂದು ಮಗು ಬರೆದದ್ದು ‘ಅಜ್ಜಿ ಸಂತೆಯಿಂದ ಬೆಲ್ಲ ತಂದ್ಲು.’

ಎರಡಕ್ಕೂ ಕೆಂಪು ಶಾಯಿ ಬೀಳುತ್ತದೆ. ಆದರೆ ಎರಡೂ ಒಂದೇ ಅಲ್ಲ. ಎರಡನೇ ಮಗು ತಾನು ಮನೆಯಲ್ಲಿ ಆಡುವ ಹಾಗೆ ಬರೆದಿದೆ. ‘ತಂದ್ಲು’ ಅನ್ನುವುದಕ್ಕೆ ಬೇಕಾದ ಒತ್ತನ್ನು ತಾನೇ ಹುಡುಕಿ ಹಾಕಿದೆ. ಅದರ ಕಿವಿ ಚುರುಕಾಗಿದೆ, ಚಿಂತೆ ಬೇಡ. ಮೊದಲನೇ ಮಗುವಿಗೆ ಅಕ್ಷರ ಗೊತ್ತು, ಗುಣಿತವೂ ಗೊತ್ತು. ಆದರೆ ಪ್ರತಿ ಸೊನ್ನೆಯೂ ಬಿದ್ದುಹೋಗಿದೆ, ಪ್ರತಿ ಒತ್ತೂ ಬಿದ್ದುಹೋಗಿದೆ. ಎರಡು ಅಕ್ಷರದ ನಡುವೆ ಅಡಗಿರುವ ಸದ್ದನ್ನು ಅದು ಬೇರೆ ಮಾಡಿ ಹಿಡಿಯುತ್ತಿಲ್ಲ. ಇಂಥ ತಪ್ಪು ತಿಂಗಳುಗಟ್ಟಲೆ ಮುಂದುವರಿದರೆ ನಿಲ್ಲಿ, ನೋಡಿ.

ಹ್ರಸ್ವ-ದೀರ್ಘ ಅದಲು ಬದಲು (ಮರ–ಮಾರ, ಕಿವಿ–ಕೀವಿ), ಹೋಲುವ ಅಕ್ಷರಗಳ ಗೊಂದಲ (ಪ-ಷ-ವ-ಮ, ದ-ಧ-ಥ, ರ-ಠ), ಸೂರ್ಯ, ಕಾರ್ಯ ಎಂಬಲ್ಲಿ ಅರ್ಕಾವತ್ತಿನ ಜಾಗ ತಪ್ಪುವುದು ಇವೂ ಕಾಣುತ್ತವೆ. ಅರ್ಕಾವತ್ತು ಎಲ್ಲ ಮಕ್ಕಳಿಗೂ ಕಷ್ಟವೇ. ಸದ್ದು ಮೊದಲು ಬರುತ್ತದೆ, ಗುರುತು ಆಮೇಲೆ ಬರುತ್ತದೆ. ಹಾಗಾಗಿ ಅದೊಂದನ್ನೇ ಇಟ್ಟುಕೊಂಡು ತೀರ್ಮಾನ ಮಾಡಬೇಡಿ.

ಹಾಗೆಯೇ ‘ಹಾಲು’ ಬದಲು ‘ಆಲು’ ಬರೆಯುವುದು, ಶ-ಷ-ಸ ಒಂದೇ ಮಾಡುವುದು, ‘ಭೂಮಿ’ಯನ್ನು ‘ಬೂಮಿ’ ಅನ್ನುವುದು ಊರಿನ ಮಾತಿನ ರೂಢಿ. ಇದಕ್ಕೆ ಡಿಸ್ಲೆಕ್ಸಿಯಾ ಅಂತ ಹೆಸರಿಡುವುದು ಆ ಮಗುವಿಗೆ ಮಾಡುವ ಅನ್ಯಾಯ.

ಹೆಜ್ಜೆ 1: ಬೇರೆ ಕಾರಣಗಳನ್ನು ಮೊದಲು ನೋಡಿ

ಹಾಜರಿ ಪುಸ್ತಕ ತೆಗೆಯಿರಿ. ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ಕಟ್ಟಡದ ಕೆಲಸಕ್ಕೆ ವಲಸೆ ಹೋಗುವ ಮನೆಯ ಮಗು ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಶಾಲೆಯಲ್ಲೇ ಇರುವುದಿಲ್ಲ. ಕಲಿಸದೇ ಇದ್ದದ್ದು ಬರಲಿಲ್ಲ ಅಂದರೆ ಅದು ಮಗುವಿನ ತೊಂದರೆ ಹೇಗಾದೀತು?

ಕಣ್ಣು ನೋಡಿ. ಬೋರ್ಡಿನ ಹತ್ತಿರ ಹೋಗಿ ಬರೆದುಕೊಳ್ಳುತ್ತದಾ? ಕಣ್ಣು ಕಿರಿದು ಮಾಡುತ್ತದಾ? ಕಿವಿ ನೋಡಿ. ಕಿವಿ ಸೋರುವ ಮಕ್ಕಳು ನಮ್ಮ ಶಾಲೆಗಳಲ್ಲಿ ಬಹಳ. ಹಿಂದೆ ನಿಂತು, ತುಟಿ ಕಾಣದ ಹಾಗೆ, ಮೆಲ್ಲಗೆ ‘ಪಟ, ಮಠ, ಬಸವ’ ಹೇಳಿ. ತಿರುಗಿ ಹೇಳುತ್ತದಾ ನೋಡಿ. ಅನುಮಾನ ಬಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಮೊದಲು ಈ ಮಗುವನ್ನೇ ತೋರಿಸಿ. ತಂಡ ಬರುವುದು ತಡ ಅನ್ನಿಸಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ.

ಮನೆಮಾತು ಕೇಳಿ. ಲಂಬಾಣಿ, ಉರ್ದು, ತೆಲುಗು, ತುಳು, ತಮಿಳು ಆಡುವ ಮನೆಯ ಮಗುವಿಗೆ ಕನ್ನಡವೇ ಹೊಸದಿರಬಹುದು. ತನ್ನ ಮನೆಮಾತಿನಲ್ಲಿ ಅದು ಚೆನ್ನಾಗಿ ಕಥೆ ಹೇಳುತ್ತದಾ? ಹೌದಾದರೆ ಮೊದಲು ಕನ್ನಡದ ಮಾತು ಬೆಳೆಸಿ. ಮನೆಮಾತಿನಲ್ಲೂ ಮಾತು ತಡವಾಗಿ ಬಂದಿದೆ, ಪದ ತಡಕಾಡುತ್ತದೆ ಅಂದರೆ ಅದನ್ನು ಬರೆದಿಟ್ಟುಕೊಳ್ಳಿ.

ಹೆಜ್ಜೆ 2: 15 ನಿಮಿಷದ ತಪಾಸಣೆ

ಇದನ್ನು ಎರಡನೇ ತರಗತಿಯ ಕೊನೆಯಲ್ಲಿ ಇಲ್ಲವೇ ಮೂರನೇ ತರಗತಿಯ ಶುರುವಿನಲ್ಲಿ ಮಾಡಿ. ಬೇರೆ ಮಕ್ಕಳ ಎದುರು ಬೇಡ. ‘ಬಾ ಪುಟ್ಟ, ಒಂದು ಆಟ ಆಡೋಣ’ ಅಂತ ಜಗುಲಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೊದಲು ಕಿವಿಯ ಕೆಲಸ. ಇಲ್ಲಿ ಬರಹ ಬೇಡ. ‘ನವಿಲು’ ಅನ್ನುವುದರಲ್ಲಿ ‘ನ’ ತೆಗೆದರೆ ಏನುಳಿಯುತ್ತದೆ? ‘ಮರ’ದಲ್ಲಿ ‘ಮ’ ಬದಲು ‘ಸ’ ಹಾಕಿದರೆ? ಆಮೇಲೆ ಸ್ವಲ್ಪ ಕಷ್ಟದ್ದು: ‘ಕಿ, ಮಿ, ಸಿ’ ಮೂರರಲ್ಲೂ ಕೊನೆಗೆ ಕೇಳುವ ಸ್ವರ ಯಾವುದು? ಕನ್ನಡದ ಮಕ್ಕಳಿಗೆ ಅಕ್ಷರದ ಮಟ್ಟದ ಆಟ ಬೇಗ ಬರುತ್ತದೆ. ಅಕ್ಷರದೊಳಗಿನ ಸ್ವರ ಹಿಡಿಯುವುದು ತಡ. ಮೂರನೇ ತರಗತಿಗೆ ಬಂದರೂ ಮೊದಲೆರಡೇ ಆಗುತ್ತಿಲ್ಲ ಅಂದರೆ ಅದು ಗಟ್ಟಿಯಾದ ಸುಳಿವು.

ಎರಡನೆಯದು ವೇಗವಾಗಿ ಹೆಸರಿಸುವುದು. ಹಸು, ಮನೆ, ಹೂ, ಚೆಂಡು, ಎಲೆ ಐದು ಚಿತ್ರಗಳನ್ನು ಬೇರೆ ಬೇರೆ ಕ್ರಮದಲ್ಲಿ ನಾಲ್ಕು ಸಾಲು ಬರೆಯಿರಿ. ಹೆಸರುಗಳೆಲ್ಲ ಮಗುವಿಗೆ ಗೊತ್ತಿರುತ್ತವೆ, ತಪ್ಪು ಹೇಳುವುದಿಲ್ಲ. ಆದರೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಫೋನಿನಲ್ಲಿ ನೋಡಿ.

ಮೂರನೆಯದು ಓದು. ಹತ್ತು ಮೂಲಾಕ್ಷರ, ಹತ್ತು ಗುಣಿತಾಕ್ಷರ, ಒತ್ತಿಲ್ಲದ ಹತ್ತು ಪದ, ಒತ್ತಿರುವ ಹತ್ತು ಪದ. ಎಲ್ಲವನ್ನೂ ಕಲಸಿ ಬರೆಯಿರಿ, ವರ್ಣಮಾಲೆಯ ಕ್ರಮದಲ್ಲಿ ಬೇಡ. ‘ಮೂ’ ತೋರಿಸಿದಾಗ ಎಷ್ಟೋ ಮಕ್ಕಳು ಬೆರಳು ಮಡಚುತ್ತಾ ‘ಮ ಮಾ ಮಿ ಮೀ ಮು ಮೂ’ ಅಂತ ಒಳಗೊಳಗೇ ಹೇಳಿಕೊಂಡು ಬರುತ್ತಾರೆ. ಅವರಿಗೆ ಕಾಗುಣಿತದ ರಾಗ ಗೊತ್ತು, ಅಕ್ಷರ ಇನ್ನೂ ಗೊತ್ತಿಲ್ಲ. ಅದನ್ನು ಗಮನಿಸಿ ಬರೆದುಕೊಳ್ಳಿ.

ನಾಲ್ಕನೆಯದು ಅರ್ಥವಿಲ್ಲದ ಪದಗಳು: ಟಿಮು, ಲೂತಿ, ಪೆಗಾ, ನೆಬ್ಬ, ಚಿಂಪ. ‘ಇವು ಸುಮ್ನೆ ಮಾಡಿದ ಪದ, ಓದು ನೋಡೋಣ’ ಅನ್ನಿ. ನಮ್ಮ ಮಕ್ಕಳಲ್ಲಿ ಬಾಯಿಪಾಠದ ಶಕ್ತಿ ಅಪಾರ. ಇಡೀ ಪಾಠವನ್ನು ಒಪ್ಪಿಸುತ್ತಾರೆ, ಬೆರಳು ಮಾತ್ರ ಬೇರೆ ಸಾಲಿನ ಮೇಲಿರುತ್ತದೆ. ಅರ್ಥವಿಲ್ಲದ ಪದವನ್ನು ಬಾಯಿಪಾಠ ಮಾಡಿರಲು ಸಾಧ್ಯವಿಲ್ಲ. ಓದಲು ಬರುತ್ತದೋ ಇಲ್ಲವೋ ಇಲ್ಲಿ ತಿಳಿದುಬಿಡುತ್ತದೆ.

ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವಂಥದ್ದು. ಒಂದು ಚಿಕ್ಕ ಕಥೆಯನ್ನು ನೀವೇ ಓದಿ ಹೇಳಿ, ನಾಲ್ಕು ಪ್ರಶ್ನೆ ಕೇಳಿ. ಅಷ್ಟೇ ಸುಲಭದ ಇನ್ನೊಂದು ಕಥೆಯನ್ನು ಮಗು ಓದಲಿ, ನಾಲ್ಕು ಪ್ರಶ್ನೆ ಕೇಳಿ. ಕೇಳಿದ ಕಥೆಗೆ ನಾಲ್ಕಕ್ಕೆ ನಾಲ್ಕು ಉತ್ತರ, ಓದಿದ ಕಥೆಗೆ ಒಂದೂ ಇಲ್ಲ. ಇಂಥ ಅಂತರ ಕಂಡರೆ ತಿಳಿಯುವ ಶಕ್ತಿ ಗಟ್ಟಿಯಾಗಿದೆ, ಅಕ್ಷರದ ದಾರಿ ಮಾತ್ರ ಕಟ್ಟಿಕೊಂಡಿದೆ ಅಂತ ಅರ್ಥ. ಎರಡರಲ್ಲೂ ಉತ್ತರ ಬರದಿದ್ದರೆ ಭಾಷೆಯದ್ದೋ ಒಟ್ಟು ಬೆಳವಣಿಗೆಯದ್ದೋ ಬೇರೆ ತೊಂದರೆ ಇರಬಹುದು, ಅದನ್ನು ಬೇರೆಯಾಗಿ ನೋಡಬೇಕು.

ಅಂಕ ಕೊಡಲು ಹೋಗಬೇಡಿ. ಅದೇ ತರಗತಿಯ, ಸರಿಯಾಗಿ ಶಾಲೆಗೆ ಬರುವ, ಓದಿನಲ್ಲಿ ಮಧ್ಯಮ ಅನ್ನಿಸುವ ಮೂವರು ಮಕ್ಕಳಿಗೂ ಇದೇ ತಪಾಸಣೆ ಮಾಡಿ. ಅವರ ಜೊತೆ ಹೋಲಿಸಿ.

ಹೆಜ್ಜೆ 3: ದಿನಕ್ಕೆ 20 ನಿಮಿಷ, 12 ವಾರ

ಬೇರೆ ಮಕ್ಕಳು ಗುಂಪಿನಲ್ಲಿ ತಮ್ಮ ಪಾಡಿಗೆ ಕೆಲಸ ಮಾಡುವ ಹೊತ್ತು ಆರಿಸಿಕೊಳ್ಳಿ. ಮೂರ್ನಾಲ್ಕು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಳ್ಳಬಹುದು. ವಾರಕ್ಕೊಮ್ಮೆ ಎರಡು ತಾಸು ಕೂರುವುದಕ್ಕಿಂತ ದಿನಾ 20 ನಿಮಿಷ ಎಷ್ಟೋ ಮೇಲು.

ಮೊದಲ ಮೂರು ನಿಮಿಷ ಹಳೆಯ ಅಕ್ಷರದ ಕಾರ್ಡು. ಮುಂದಿನ ನಾಲ್ಕು ನಿಮಿಷ ಕಿವಿಯ ಆಟ. ಐದು ನಿಮಿಷ ಹೊಸದೊಂದು ಅಕ್ಷರ ಅಥವಾ ಗುಣಿತದ ಗುರುತು. ಐದು ನಿಮಿಷ ಓದು. ಉಳಿದ ಮೂರು ನಿಮಿಷ ಉಕ್ತಲೇಖನ, ನಾಲ್ಕೈದು ಪದ ಸಾಕು. ಕಾರ್ಡಿಗೆ ಮದುವೆ ಕಾಗದದ ಹಿಂಭಾಗ ಬಳಸಿ, ಗಟ್ಟಿಯಾಗಿರುತ್ತದೆ.

ವರ್ಣಮಾಲೆಯ ಕ್ರಮ ಹಿಡಿಯಬೇಡಿ. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯ ದಾರಿಯೇ ಒಳ್ಳೆಯದು. ರ, ಗ, ಸ, ದ, ಅ ಐದೇ ಅಕ್ಷರ ಬಂದರೆ ಸರ, ದರ, ಅಗಸ, ಅರಸ ಓದಬಹುದು. ಆಮೇಲೆ ಜ, ವ, ಮ, ಬ, ನ ಸೇರಿದರೆ ಮರ, ಜನ, ಬಸವ, ನಗ. ಮೂರನೇ ದಿನಕ್ಕೇ ಮಗು ಒಂದು ಪದ ಓದಿತು ಅನ್ನುವುದು ಸಣ್ಣ ವಿಷಯವಲ್ಲ. ಎರಡು ವರ್ಷದಿಂದ ‘ನನಗೆ ಬರಲ್ಲ’ ಅಂದುಕೊಂಡಿದ್ದ ಮಗು ಅದು.

ಹೋಲುವ ಅಕ್ಷರಗಳನ್ನು ಒಂದೇ ವಾರ ಕಲಿಸಬೇಡಿ. ಮೊದಲು ಒಂದು ಗಟ್ಟಿಯಾಗಲಿ. ಎರಡು ವಾರ ಬಿಟ್ಟು ಇನ್ನೊಂದು. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ವ್ಯತ್ಯಾಸ ಮಗುವಿನ ಬಾಯಲ್ಲೇ ಹೇಳಿಸಿ. ‘ಠ’ ಹೊಟ್ಟೆಯಲ್ಲಿ ಚುಕ್ಕೆ ಇದೆ, ‘ರ’ಕ್ಕೆ ಇಲ್ಲ. ‘ಷ’ ಹೊಟ್ಟೆಯಲ್ಲಿ ಗೆರೆ ಇದೆ, ‘ಪ’ಕ್ಕೆ ಇಲ್ಲ. ತಾನೇ ಕಂಡುಕೊಂಡು ಹೇಳಿದ್ದು ನಿಲ್ಲುತ್ತದೆ.

ಹೊಸ ಅಕ್ಷರ ಕಲಿಸುವಾಗ ಕಣ್ಣು, ಕಿವಿ, ಬಾಯಿ, ಕೈ ನಾಲ್ಕಕ್ಕೂ ಕೆಲಸ ಇರಲಿ. ಅಡುಗೆ ಕೋಣೆಯಿಂದ ಒಂದು ತಟ್ಟೆ ತನ್ನಿ, ರಾಗಿಯನ್ನೋ ಮರಳನ್ನೋ ಹರಡಿ. ಮಗು ಬೆರಳಿನಿಂದ ಬರೆಯಲಿ, ಬರೆಯುತ್ತಾ ಆ ಸದ್ದನ್ನು ಗಟ್ಟಿಯಾಗಿ ಹೇಳಲಿ. ಬಾಯಿ ಮುಚ್ಚಿಕೊಂಡು ಹತ್ತು ಸಲ ತಿದ್ದಿಸಿದರೆ ಕೈಗೆ ಮಾತ್ರ ವ್ಯಾಯಾಮ.

ಗುಣಿತಕ್ಕೆ ಬಂದಾಗ ಅಡ್ಡಡ್ಡ ಕಲಿಸಿ. ‘ಕ ಕಾ ಕಿ ಕೀ’ ಅಂತ ಉದ್ದಕ್ಕೆ ಹೇಳಿಸಿದರೆ ರಾಗ ಬರುತ್ತದೆ, ಗುರುತು ಉಳಿಯುವುದಿಲ್ಲ. ಈ ವಾರ ದೀರ್ಘ ಒಂದೇ: ಕಾ, ಮಾ, ಸಾ, ಬಾ, ನಾ. ಮುಂದಿನ ವಾರ ಗುಡಿಸು: ಕಿ, ಮಿ, ಸಿ, ಬಿ, ನಿ. ಆ ಗುರುತು ಯಾವ ಅಕ್ಷರಕ್ಕೆ ಹತ್ತಿದರೂ ಒಂದೇ ಸದ್ದು ಕೊಡುತ್ತದೆ ಅನ್ನುವುದು ಆಗ ಹೊಳೆಯುತ್ತದೆ. ದೊಡ್ಡವರಿಗೆ ಇದು ಕಣ್ಣಿಗೆ ಕಾಣುವಷ್ಟು ಸುಲಭ, ಆದರೆ ಈ ಮಕ್ಕಳಿಗೆ ಯಾರಾದರೂ ಹೇಳಿಕೊಡಲೇಬೇಕು. ‘ಪು, ವು’ ಮಾತ್ರ ಬೇರೆಯಾಗಿ ಕಲಿಸಿ, ಅಲ್ಲಿ ಕೊಂಬು ಕೆಳಗಿಳಿಯುತ್ತದೆ. ಹ್ರಸ್ವ-ದೀರ್ಘಕ್ಕೆ ಕೈ ಚಲನೆ ಸೇರಿಸಿ. ಹ್ರಸ್ವಕ್ಕೆ ಒಂದು ಚಿಟಿಕೆ, ದೀರ್ಘಕ್ಕೆ ತೋಳು ಚಾಚುವುದು. ‘ಹಳೆ’ಗೂ ‘ಹಾಳೆ’ಗೂ ಮಗುವಿನ ತೋಳೇ ವ್ಯತ್ಯಾಸ ಹೇಳುತ್ತದೆ.

ಒತ್ತಕ್ಷರದಲ್ಲಿ ಅವಸರ ಬೇಡ. ಮನೆಯವರ ಹೆಸರಿನಿಂದಲೇ ಶುರುವಾಗಲಿ: ಅಕ್ಕ, ಅಪ್ಪ, ಅಜ್ಜ, ಅಣ್ಣ. ಇಲ್ಲಿ ಒತ್ತು ನೋಡಲು ಹೆಚ್ಚುಕಡಿಮೆ ಅಕ್ಷರದ ಹಾಗೇ ಇರುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲ. ಅವನ್ನು ಹೊಸ ಗುರುತು ಅಂತಲೇ ಒಂದೊಂದಾಗಿ ಕಲಿಸಿ: ಕತ್ತೆ, ಅನ್ನ, ಅಮ್ಮ, ಬೆಲ್ಲ. ಬೇರೆ ಬೇರೆ ಅಕ್ಷರ ಕೂಡುವ ಪದಗಳು (ಹಸ್ತ, ಪುಸ್ತಕ) ಆಮೇಲೆ. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ.

‘ಅಕ್ಕಿ’ ಓದುವಾಗ ಈ ಮಕ್ಕಳು ‘ಅಕಿಕ’ ಅನ್ನುತ್ತಾರೆ. ಯೋಚಿಸಿದರೆ ಅವರು ಕಣ್ಣಿಗೆ ಕಂಡದ್ದನ್ನೇ ಓದಿದ್ದಾರೆ. ಗುಡಿಸು ಮೇಲಿನ ಅಕ್ಷರಕ್ಕಿದೆ, ಒತ್ತು ಕೆಳಗಿದೆ. ಆದರೆ ‘ಇ’ ಸದ್ದು ಬರುವುದು ಒತ್ತಿನ ನಂತರ. ಮೂರು ಕಲ್ಲು ಇಡಿ. ಒಂದೊಂದು ಕಲ್ಲು ಮುಟ್ಟುತ್ತಾ ಅ – ಕ್ – ಕಿ ಅನ್ನಿ. ಮಗುವೂ ಮುಟ್ಟಿ ಹೇಳಲಿ. ಆಮೇಲೆ ಬೋರ್ಡಿನಲ್ಲಿ ಬರೆದು, ‘ಮೊದಲು ಮೇಲಿನದ್ದನ್ನು ಅರ್ಧ ಹೇಳು, ಕೆಳಗಿನದ್ದಕ್ಕೆ ಸ್ವರ ಸೇರಿಸು’ ಅಂತ ತೋರಿಸಿ. ಈ ಒಂದು ಕಟ್ಟು ಬಿಡಿಸಿದರೆ ಒತ್ತಕ್ಷರದ ಅರ್ಧ ಭಯ ಹೋಗುತ್ತದೆ.

ಓದಿನ ಐದು ನಿಮಿಷಕ್ಕೆ ಆವರೆಗೆ ಕಲಿತ ಅಕ್ಷರಗಳಷ್ಟೇ ಇರುವ ವಾಕ್ಯ ನೀವೇ ಬರೆಯಬೇಕು. ಪಠ್ಯಪುಸ್ತಕ ಇಲ್ಲಿ ಆಗುವುದಿಲ್ಲ. ಒಂದೇ ಭಾಗವನ್ನು ಮೂರು ದಿನ ಓದಿಸಿ. ಮೊದಲ ದಿನ ನೀವು ಓದಿ, ಮಗು ಹಿಂದೆ ಹೇಳಲಿ. ಎರಡನೇ ದಿನ ಇಬ್ಬರೂ ಒಟ್ಟಿಗೆ. ಮೂರನೇ ದಿನ ಮಗು ಒಂದೇ. ವೇಗ ಬರುವುದು ಹೀಗೆ, ತಿರುಗಿ ತಿರುಗಿ ಓದುವುದರಿಂದ. ತಪ್ಪಾದರೆ ಮೂರು ಕ್ಷಣ ಕಾಯಿರಿ, ಆಮೇಲೆ ಸರಿಯಾದ ಪದ ಹೇಳಿಬಿಡಿ. ‘ನೆನ್ನೆ ಹೇಳಿಕೊಟ್ಟೆನಲ್ಲ’ ಅನ್ನುವ ಮಾತು ಬೇಡವೇ ಬೇಡ. ಇವತ್ತು ಬಂದದ್ದು ನಾಳೆ ಮರೆಯುವುದೇ ಈ ತೊಂದರೆಯ ಸ್ವಭಾವ.

ಪ್ರತಿ ಶನಿವಾರ ಒಂದು ನಿಮಿಷ ಅಳೆಯಿರಿ: ಎಷ್ಟು ಪದ ಸರಿಯಾಗಿ ಓದಿತು? ನೋಟ್‌ಬುಕ್ಕಿನಲ್ಲಿ ತಾರೀಖಿನ ಜೊತೆ ಬರೆದಿಡಿ. 12 ವಾರದ ಹೊತ್ತಿಗೆ ಸಂಖ್ಯೆ ಚೆನ್ನಾಗಿ ಏರಿದ್ದರೆ ಸಂತೋಷ, ಕ್ರಮೇಣ ತರಗತಿಗೆ ಬಿಡಿ. ದಿನಾ ಬಂದು, ದಿನಾ ಕೂತರೂ ಸಂಖ್ಯೆ ಹೆಚ್ಚುಕಡಿಮೆ ಅಲ್ಲೇ ಇದ್ದರೆ ಮುಂದಿನ ಹೆಜ್ಜೆಗೆ ಹೋಗಿ. ಕಲಿಸುವುದನ್ನು ಮಾತ್ರ ನಿಲ್ಲಿಸಬೇಡಿ.

ಉಳಿದ ಹೊತ್ತಿನಲ್ಲಿ

20 ನಿಮಿಷ ಪ್ರೀತಿಯಿಂದ ಕಲಿಸಿ, ಉಳಿದ ಐದು ತಾಸು ಅವಮಾನವಾದರೆ ಏನೂ ಉಳಿಯುವುದಿಲ್ಲ. ಎಲ್ಲರೆದುರು ಇದ್ದಕ್ಕಿದ್ದಂತೆ ಓದಿಸಬೇಡಿ. ನಾಳೆ ಓದಿಸುವ ನಾಲ್ಕು ಸಾಲನ್ನು ಇವತ್ತೇ ಗುಟ್ಟಾಗಿ ತೋರಿಸಿ ಅಭ್ಯಾಸ ಮಾಡಿಸಿ. ಪರಿಸರ ಅಧ್ಯಯನದ ಉತ್ತರವನ್ನು ಬಾಯಲ್ಲಿ ಕೇಳಿ, ಬರೆದಿದ್ದರೆ ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ. ಬೋರ್ಡಿನಿಂದ ಪೂರ್ತಿ ಬರೆದುಕೊಳ್ಳಲು ಹೇಳುವ ಬದಲು ಮೂರು ಮುಖ್ಯ ಸಾಲು ಸಾಕು.

ತಪ್ಪಾದ ಪದವನ್ನು ಐವತ್ತು ಸಲ ಬರೆಸುವುದು ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ‘ದಡ್ಡ’ ಅನ್ನುವುದೂ ಅದರಲ್ಲಿ ಸೇರುತ್ತದೆ ಅಂತಲೇ ನಾನು ತಿಳಿಯುತ್ತೇನೆ.

ಓದಿನ ಜೊತೆಗಾರ ಬೇಕಿದ್ದರೆ ಐದನೇ ತರಗತಿಯ ಸಮಾಧಾನದ ಮಗುವನ್ನು ಆರಿಸಿ. ತರಗತಿಯ ಮೊದಲ ರ‍್ಯಾಂಕಿನವರೇ ಆಗಬೇಕಿಲ್ಲ, ಅವರಿಗೆ ತಾಳ್ಮೆ ಕಮ್ಮಿ ಇರುವುದುಂಟು.

ಮನೆಯವರ ಜೊತೆ ಮಾತು

ಮೂರು ಜನ ಶಿಕ್ಷಕರು ಕೂತು ಒಬ್ಬ ತಾಯಿಯನ್ನು ಎದುರಿಗೆ ನಿಲ್ಲಿಸಬೇಡಿ. ಸಂಜೆ ಮಗುವನ್ನು ಕರೆದುಕೊಂಡು ಹೋಗಲು ಬಂದಾಗ ಪಕ್ಕದಲ್ಲಿ ಕೂತು ಮಾತಾಡಿ.

‘ಟೀಚರ್, ಇವನ ತಲೆಗೆ ಹತ್ತಲ್ಲ. ಕುರಿ ಕಾಯಕ್ಕೆ ಹಾಕ್ತೀವಿ.’

‘ಹಾಗನ್ನಬೇಡಮ್ಮ. ನಿನ್ನೆ ನಾನು ಹೇಳಿದ ಕಥೆನ ಒಂದು ಮಾತು ಬಿಡದೆ ಹೇಳಿದ. ಅಂಗಡಿ ಲೆಕ್ಕ ಬಾಯಲ್ಲೇ ಮಾಡ್ತಾನೆ. ಅಕ್ಷರ ಕೂಡಿಸೋದು ಮಾತ್ರ ಕಷ್ಟ. ಅದನ್ನ ಬೇರೆ ಥರ ಕಲಿಸ್ತಾ ಇದೀನಿ. ನೀವು ಹೊಡಿಬೇಡಿ, ದಿನಾ ಕಳಿಸಿ, ಅಷ್ಟು ಸಾಕು.’

ಎಷ್ಟೋ ಸಲ ಆಗ ಅಪ್ಪ ‘ನಂಗೂ ಹಿಂಗೇ ಆಗ್ತಿತ್ತು ಟೀಚರ್, ಅದಕ್ಕೇ ಬಿಟ್ಟೆ’ ಅನ್ನುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಪರೀಕ್ಷೆ ಮಾಡುವವರಿಗೆ ಬೇಕಾಗುತ್ತದೆ.

ಓದು ಬಾರದ ಮನೆಯವರೂ ಬಹಳ ಮಾಡಬಹುದು. ಅಜ್ಜಿ ಕಥೆ ಹೇಳಲಿ, ಒಗಟು ಕೇಳಲಿ. ಬಸ್ಸಿನ ಬೋರ್ಡು, ರೇಷನ್ ಕಾರ್ಡಿನ ಹೆಸರು, ಬಿಸ್ಕತ್ತಿನ ಪೊಟ್ಟಣ ಇವನ್ನು ಮಗುವಿನ ಕೈಲಿ ಓದಿಸಿ ಕೇಳಲಿ. ಓದಿದ್ದು ತಪ್ಪೋ ಸರಿಯೋ ಅವರಿಗೆ ತಿಳಿಯದಿದ್ದರೂ ಪರವಾಗಿಲ್ಲ.

ಹೆಜ್ಜೆ 4: ಮುಂದಕ್ಕೆ ಕಳಿಸುವುದು

1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ. ಇದನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕ ಕ್ರಮ ತೆಗೆದುಕೊಳ್ಳಬೇಕು ಅಂತ 16ನೇ ಸೆಕ್ಷನ್ ಶಾಲೆಗಳಿಗೇ ಹೇಳುತ್ತದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಮೂರನೇ ತರಗತಿ ಇಲ್ಲವೇ 8 ವರ್ಷ, ಯಾವುದು ಮೊದಲೋ ಆಗ ಶಿಕ್ಷಕರು ತಪಾಸಣೆ ಮಾಡಬೇಕು ಅಂದಿತು.

ಮೊದಲು ಬ್ಲಾಕ್ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ (ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಸಂಪನ್ಮೂಲ) ಶಿಕ್ಷಕರಿಗೆ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಎನ್‌ಸಿಇಆರ್‌ಟಿ 2022ರಲ್ಲಿ ತಂದ ‘ಪ್ರಶಸ್ತ್’ ಆ್ಯಪಿನಲ್ಲಿ ತರಗತಿ ಶಿಕ್ಷಕರು ತುಂಬುವ ತಪಾಸಣಾ ಪಟ್ಟಿ ಇದೆ. ಬಾಲ ಸ್ವಾಸ್ಥ್ಯ ತಂಡಕ್ಕೂ ಹೆಸರು ಕೊಡಿ. ಕಲಿಕೆಯ ತೊಂದರೆ ಅವರ ಪಟ್ಟಿಯಲ್ಲಿದೆ, ಅವರು ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸಬಹುದು. ಪೂರ್ತಿ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳು, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇವೆ.

ಪರೀಕ್ಷೆ ಕನ್ನಡದಲ್ಲೇ ನಡೆಯಲಿ ಅಂತ ಕೇಳಿ. ಕನ್ನಡ ಮಾಧ್ಯಮದ ಮಗುವನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ ಏನು ತಿಳಿಯುತ್ತದೆ? ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ತಂದ ‘ಡಾಲಿ’ ಎಂಬ ಪರೀಕ್ಷಾ ಸಾಮಗ್ರಿ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇದೆ.

ಹೋಗುವಾಗ ಮಗುವಿನ ಜೊತೆ ಕಳಿಸಬೇಕಾದ್ದು: ನಿಮ್ಮ ಶನಿವಾರದ ಲೆಕ್ಕ, ಬೇರೆ ಬೇರೆ ತಿಂಗಳ ಮೂರು ಉಕ್ತಲೇಖನ, ಹಾಜರಿಯ ವಿವರ, ಕಣ್ಣು-ಕಿವಿ ತಪಾಸಣೆಯ ಚೀಟಿ. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಹಾಕಿಕೊಂಡು ಹೋಗುವ ಮನೆಯವರು ಕಾಗದ ಸಾಲದೆ ವಾಪಸ್ ಬರಬಾರದು.

ಸರ್ಟಿಫಿಕೇಟು ಸಿಕ್ಕರೆ ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಇಂಥ ರಿಯಾಯಿತಿ ಕೇಳಬಹುದು. 8 ವರ್ಷ ತುಂಬಿದ ಮೇಲೆ ಕೊಡುವ ಪ್ರಮಾಣಪತ್ರವನ್ನು 14ಕ್ಕೂ 18ಕ್ಕೂ ಮತ್ತೆ ಮಾಡಿಸಬೇಕು ಅನ್ನುವುದು 2018ರ ಮಾರ್ಗಸೂಚಿಯ ನಿಯಮವಾಗಿತ್ತು, 2024ರಲ್ಲಿ ಆ ಮಾರ್ಗಸೂಚಿಯ ಬದಲು ಹೊಸದು ಬಂದಿದೆ. ಈಗಿನ ನಿಯಮ ಕೇಳಿ ತಿಳಿದು ಮನೆಯವರಿಗೆ ಬರೆದು ಕೊಡಿ. ಅಧಿಕೃತ ಪ್ರಮಾಣಪತ್ರ ಬಂದರೂ ಬರದಿದ್ದರೂ ದಿನದ 20 ನಿಮಿಷ ನಡೆಯಲಿ.

ಐದನೇ ತರಗತಿ ಮುಗಿದಾಗ

ಕಿರಿಯ ಪ್ರಾಥಮಿಕ ಶಾಲೆಯಿಂದ ಮಗು ಪಕ್ಕದೂರಿನ ಆರನೇ ತರಗತಿಗೆ ಹೋಗುತ್ತದೆ. ಅಲ್ಲಿ ಒಬ್ಬೊಬ್ಬ ವಿಷಯ ಶಿಕ್ಷಕರು, ಯಾರಿಗೂ ಈ ಮಗುವಿನ ಕಥೆ ಗೊತ್ತಿಲ್ಲ. ಇಂಗ್ಲಿಷಿನ ಜೊತೆಗೆ ಹಿಂದಿಯೂ ಮೇಲೆ ಬೀಳುತ್ತದೆ. ವರ್ಗಾವಣೆ ಪತ್ರದ ಜೊತೆ ಒಂದು ಹಾಳೆ ಬರೆದು ಕಳಿಸಿ. ಯಾವ ಅಕ್ಷರ, ಯಾವ ಒತ್ತು ಬಂದಿದೆ, ಯಾವುದು ಬಾಕಿ. ಒಂದು ನಿಮಿಷಕ್ಕೆ ಎಷ್ಟು ಪದ ಓದುತ್ತದೆ. ಬಾಯಲ್ಲಿ ಕೇಳಿದರೆ ಯಾವ ವಿಷಯದಲ್ಲಿ ಚೆನ್ನಾಗಿ ಉತ್ತರಿಸುತ್ತದೆ. ಯಾವ ಮಾತಿಗೆ ಮುದುಡಿಕೊಳ್ಳುತ್ತದೆ, ಯಾವುದಕ್ಕೆ ಅರಳುತ್ತದೆ. ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ. ಜೂನ್ ಮೂರನೇ ವಾರ ನೀವೇ ಒಂದು ಸಲ ಫೋನ್ ಮಾಡಿ ಕನ್ನಡದ ಶಿಕ್ಷಕರ ಹತ್ತಿರ ಮಾತಾಡಿ.